ಹಳದಿ ಹೂವಿನ ಫೋಟೋ ಹಾಕುವವರಿಗೆ

ಇಂಗ್ಲೆಂಡ್, ಅಮೆರಿಕದ ಗೆಳೆಯರೇ, ರಸ್ತೆ ಬದಿಯ ಹಳದಿ ಹೂವಿನ ಫೋಟೋಗಳು ಚೆನ್ನಾಗಿವೆ. ಆದರೆ ಎಲ್ಲವನ್ನೂ ಸ್ನಾಪ್‌ಡ್ರಾಗನ್ ಅನ್ನಬೇಡಿ. ಹೂವನ್ನು ಪಕ್ಕದಿಂದ ನೋಡಿ. ಬುಡದಲ್ಲಿ ಚೂಪಾದ ಬಾಲ ಇದ್ದರೆ ಅದು ಟೋಡ್‌ಫ್ಲ್ಯಾಕ್ಸ್, ಸಸ್ಯಶಾಸ್ತ್ರದ ಹೆಸರಲ್ಲಿ ಲಿನೇರಿಯಾ. ಮಕರಂದ ತುಂಬಿಕೊಳ್ಳುವುದು ಆ ಬಾಲದಲ್ಲೇ. ಬಾಲವಿಲ್ಲದೆ ಸುಮ್ನೆ ಚೀಲದ ಹಾಗೆ ಉಬ್ಬಿದ್ದರೆ ಆಂಟಿರೈನಮ್, ಸ್ನಾಪ್‌ಡ್ರಾಗನ್.

1753ರಲ್ಲಿ ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ಎರಡನ್ನೂ ಆಂಟಿರೈನಮ್ ಅಂತಲೇ ಕರೆದಿದ್ದರು, ಹಾಗಾಗಿ ನಾಚಿಕೆ ಬೇಡ! ಮರುವರ್ಷವೇ ಇಂಗ್ಲೆಂಡಿನ ಸಸ್ಯತಜ್ಞ ಫಿಲಿಪ್ ಮಿಲ್ಲರ್ ಲಿನೇರಿಯಾವನ್ನು ಬೇರೆ ಕುಲ ಮಾಡಿದರು.

ಫೋಟೋ ಜೊತೆ ಸಸ್ಯ ಕುಟುಂಬದ ಜಾಗದಲ್ಲಿ ಸ್ಕ್ರೋಫುಲೇರಿಯೇಸಿ ಎಂದು ಬರೆಯುವುದು ಹಳೇ ಪುಸ್ತಕದ ಲೆಕ್ಕ. ಡಿಎನ್‌ಎ ನೋಡಿದ ಮೇಲೆ ಇವೆರಡೂ ಪ್ಲಾಂಟಜಿನೇಸಿ ಕುಟುಂಬಕ್ಕೆ ಹೋಗಿವೆ. ನಮ್ಮ ಇಸಬ್ಗೋಲ್ ಗಿಡದ ಮನೆತನ! ಹೂವಲ್ಲಿ ಒಂಚೂರೂ ಹೋಲಿಕೆ ಇಲ್ಲ, ಅಲ್ವಾ?

ಇನ್ನು ಮೇಲೆ ಪಕ್ಕದಿಂದ ತೆಗೆದ ಫೋಟೋ ಒಂದು ಕಡ್ಡಾಯ.