ಚಕ್ರದ ಬೇರಿಂಗ್ ಬದಲಿಸುವ ಮುನ್ನ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕಾರಿನ ಮುಂದಿನ ಚಕ್ರದ ಕಡೆಯಿಂದ ಗುಂಯ್‌ಗುಡುವ ಸದ್ದು ಬರುತ್ತಿದೆಯೆಂದೂ, ಬೇರಿಂಗನ್ನು ನೀನೇ ಬದಲಿಸಬೇಕೆಂದಿರುವೆಯೆಂದೂ ಬರೆದಿದ್ದೀಯ. ಕೈಯಾರೆ ಮಾಡಬೇಕೆಂಬ ನಿನ್ನ ಆಸೆ ನನಗೆ ಸಂತೋಷ ಕೊಟ್ಟಿದೆ. ಆದರೆ ಈ ಕೆಲಸದಲ್ಲಿ ಒಂದು ಹಂತವಿದೆ. ಅಲ್ಲಿ ಎಡವಿದರೆ ಹೊಸ ಬೇರಿಂಗ್ ಕೂರಿಸಿದ ಕ್ಷಣದಲ್ಲೇ ಹಾಳಾಗಿರುತ್ತದೆ, ಹಾಳಾಗಿರುವುದು ನಮಗೆ ಗೊತ್ತಾಗುವುದು ಮಾತ್ರ ಎಷ್ಟೋ ದಿನ ಓಡಿಸಿದ ಮೇಲೆ. ಅದನ್ನು ಮುಂಚೆಯೇ ಹೇಳಿಬಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಸದ್ದು ಬೇರಿಂಗಿನದೇ ಹೌದೇ ಎಂದು ನೋಡಿಕೊ, ಏಕೆಂದರೆ ಅಂಕುಡೊಂಕಾಗಿ ಸವೆದ ಟೈರು ಕೂಡ ಹೀಗೆಯೇ ಗೊರಗುಟ್ಟುತ್ತದೆ. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಅನುಮಾನ ಟೈರಿನ ಮೇಲಿರಲಿ. ರಸ್ತೆ ಹೇಗೇ ಇದ್ದರೂ ವೇಗದ ಜೊತೆಗೇ ಏರುತ್ತಾ, ಸ್ಟೀರಿಂಗನ್ನು ಎಡಕ್ಕೆ ಎಳೆದಾಗ ಹೆಚ್ಚಾಗಿ ಬಲಕ್ಕೆ ಎಳೆದಾಗ ತಗ್ಗಿದರೆ, ಭಾರವೆಲ್ಲ ಬೀಳುತ್ತಿರುವ ಬಲಗಡೆಯ ಬೇರಿಂಗೇ ಸೋತಿರುವ ಸಂಭವ ಹೆಚ್ಚು. ಇದೂ ಸುಳಿವೇ ಹೊರತು ತೀರ್ಪಲ್ಲ. ಚಕ್ರವನ್ನು ನೆಲದಿಂದ ಎತ್ತಿ, ಒಂದು ಕೈಯನ್ನು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸು. ಬೇರಿಂಗ್ ಕೆಟ್ಟಿದ್ದರೆ ಬೀಸುಕಲ್ಲಿನ ನಡುವೆ ಮರಳು ಸಿಕ್ಕಂತಹ ತರಿತರಿ ಬೆರಳಿಗೆ ತಿಳಿಯುತ್ತದೆ. ಆಮೇಲೆ ಟೈರಿನ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಾಡಿಸು. ಆಟ, ಅಂದರೆ ಸಡಿಲವಾದ ಅಲುಗಾಟ, ಕಂಡುಬಂದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸು: ಆಟ ನಿಂತರೆ ದೋಷ ಬೇರಿಂಗಿನಲ್ಲಿದೆ, ನಿಲ್ಲದಿದ್ದರೆ ಚಕ್ರದ ಭಾಗವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡುಕೀಲನ್ನು, ಅಂದರೆ ಬಾಲ್ ಜಾಯಿಂಟನ್ನು, ನೋಡು. ಆಟವೇ ಇಲ್ಲವೆಂದು ಬೇರಿಂಗ್ ಚೆನ್ನಾಗಿದೆಯೆಂದು ಮಾತ್ರ ತಿಳಿಯಬೇಡ. ಸದ್ದು ಮೊದಲು, ಆಟ ಆಮೇಲೆ ಬರುವುದೇ ಹೆಚ್ಚು.

ನಿನ್ನ ಕಾರಿನಲ್ಲಿ ಯಾವ ಬಗೆಯ ಬೇರಿಂಗ್ ಇದೆಯೆಂದು ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ನೋಡಿಕೊ. ಚಕ್ರವನ್ನು ಬಿಗಿಯುವ ನಡುಭಾಗವಾದ ಹಬ್ ಸಮೇತ ಬೋಲ್ಟುಗಳಿಂದ ಕೂರುವ ಬಗೆಯದಾದರೆ ಕೆಲಸ ಹಗುರ. ಸ್ಟೀರಿಂಗ್ ನಕಲ್ಲಿನ (ಹಬ್ಬನ್ನು ಹೊತ್ತು, ಸ್ಟೀರಿಂಗಿನ ಜೊತೆ ತಿರುಗುವ ಲೋಹದ ಭಾಗ) ರಂಧ್ರದೊಳಗೆ ಬಿಗಿಯಾಗಿ ಒತ್ತಿ ಕೂರಿಸುವ ಬಗೆಯದಾದರೆ ಹೈಡ್ರಾಲಿಕ್ ಪ್ರೆಸ್ ಬೇಕೇ ಬೇಕು. ಅದು ನಿನ್ನ ಬಳಿ ಇಲ್ಲದಿದ್ದರೆ ನಕಲ್ಲನ್ನು ಬಿಚ್ಚಿ ಪ್ರೆಸ್ ಇರುವವರಲ್ಲಿಗೆ ಒಯ್ದು ಒತ್ತಿಸಿಕೊಂಡು ಬಾ, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಹಬ್ಬಿನ ನಡುವೆ ಇರುವ ದೊಡ್ಡ ಆಕ್ಸಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊ, ಆದರೆ ಸಡಿಲಿಸಿದ ಮೇಲೆ ಕಾರನ್ನು ಉರುಳಿಸಬೇಡ. ಬರಿಯ ಜ್ಯಾಕನ್ನು ನಂಬಿ ಕಾರಿನ ಕೆಳಗೆ ಕೈಯನ್ನೂ ಚಾಚಬೇಡ. ಸಮನಾದ ಗಟ್ಟಿ ನೆಲದಲ್ಲಿ ಸ್ಟ್ಯಾಂಡಿನ ಮೇಲೆ ಕೂರಿಸಿ, ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಇಡು. ಬ್ರೇಕಿನ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರನ್ನು ಬ್ರೇಕ್ ಹೋಸಿನಿಂದ ತೂಗಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟು. ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಗಾಗಿ ಚಕ್ರದ ವೇಗ ಅಳೆಯುವ ಸೆನ್ಸರನ್ನು ಮೊದಲೇ ಬಿಚ್ಚಿ ದೂರವಿಡು. ಸ್ಪ್ರಿಂಗನ್ನು ಹೊತ್ತ ಸ್ಟ್ರಟ್ಟಿನ ಬೋಲ್ಟುಗಳನ್ನು ಬಿಚ್ಚುವ ಮೊದಲು ಅವು ಕೂತಿದ್ದ ಜಾಗಕ್ಕೆ ಗುರುತು ಹಾಕಿಕೊ, ಕೆಲಸ ಮುಗಿದ ಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸು.

ಹಬ್ಬನ್ನು ಒತ್ತಿ ಹೊರತೆಗೆಯುವಾಗ ಹಳೆಯ ಬೇರಿಂಗಿನ ಒಳಬಳೆಯ ಅರ್ಧ ಸಾಮಾನ್ಯವಾಗಿ ಹಬ್ಬಿಗೇ ಅಂಟಿಕೊಂಡು ಬರುತ್ತದೆ. ಎಳೆದು ತೆಗೆಯುವ ಸಾಧನವಾದ ಪುಲ್ಲರಿಗೆ ಬಗ್ಗದಿದ್ದರೆ ಗ್ರೈಂಡರಿನಿಂದ ಬಳೆಯನ್ನು ಅಡ್ಡಲಾಗಿ ಮುಕ್ಕಾಲು ಪಾಲು ಕೊಯ್ದು, ಆ ಗೀರಿಗೆ ಉಳಿಯಿಟ್ಟು ಒಂದೇಟು ಕೊಟ್ಟರೆ ಅದು ಸೀಳುತ್ತದೆ. ಪೂರ್ತಿ ಕೊಯ್ಯಲು ಹೋದರೆ ಹಬ್ಬಿನ ಮೈಗೆ ಗಾಯವಾಗುತ್ತದೆ. ಬೇರಿಂಗಿನ ಉಕ್ಕು ಬಹಳ ಗಡುಸಾದದ್ದರಿಂದ ಏಟಿಗೆ ಚೂರು ಸಿಡಿಯುತ್ತದೆ. ಕಣ್ಣು ಕಾಯುವ ರಕ್ಷಣಾ ಕನ್ನಡಕ ಧರಿಸದೆ ಆ ಉಳಿಯನ್ನು ಮುಟ್ಟುವುದಿಲ್ಲವೆಂದು ನನಗೆ ಮಾತು ಕೊಡು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ಬೇರಿಂಗಿಗೆ ಹೊರಬಳೆ, ಒಳಬಳೆ ಎಂದು ಎರಡು ಬಳೆಗಳಿವೆ, ನಡುವೆ ಉಕ್ಕಿನ ಗುಂಡುಗಳಿವೆ. ಯಾವ ಬಳೆ ಬಿಗಿಯಾಗಿ ಕೂರಬೇಕೋ ಒತ್ತಡ ಆ ಬಳೆಯ ಮೇಲೆಯೇ ಬೀಳಬೇಕು. ನಕಲ್ಲಿನೊಳಗೆ ಬೇರಿಂಗನ್ನು ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತು. ಬಳಿಕ ಹಬ್ಬನ್ನು ಬೇರಿಂಗಿನೊಳಗೆ ಒತ್ತುವಾಗ ಅಡಿಯಲ್ಲಿ ಒಳಬಳೆಗೇ ಸರಿಯಾಗಿ ಆನಿಸುವ ಕೊಳವೆಯಿಟ್ಟು, ಅದರ ಮೇಲೆಯೇ ಭಾರ ಇಳಿಯುವಂತೆ ನೋಡಿಕೊ. ತಪ್ಪು ಬಳೆಯನ್ನು ಒತ್ತಿದರೆ ಅಷ್ಟೂ ಒತ್ತಡ ಗುಂಡುಗಳ ಮೂಲಕ ಹಾಯ್ದು, ಅವು ಓಡಾಡುವ ನುಣುಪಾದ ಜಾಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳನ್ನು ಒತ್ತಿಬಿಡುತ್ತದೆ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಪ್ರೆಸ್ ಸಿಗಲಿಲ್ಲವೆಂದು ಮರದ ತುಂಡು ಅಡ್ಡವಿಟ್ಟು ಸುತ್ತಿಗೆಯಿಂದ ಬಡಿದು ಬೇರಿಂಗ್ ಕೂರಿಸಿದ್ದೆ. ಚಕ್ರ ಬೆಣ್ಣೆಯ ಹಾಗೆ ತಿರುಗಿತು, ನಾನೂ ಹಿಗ್ಗಿದೆ. ಕೆಲವೇ ತಿಂಗಳಲ್ಲಿ ಅದೇ ಸದ್ದು ಮರಳಿತು. ಬಿಚ್ಚಿ ಒರೆಸಿ ಬೆಳಕಿಗೆ ಹಿಡಿದಾಗ ಜಾಡಿನ ಉದ್ದಕ್ಕೂ, ಗುಂಡುಗಳು ನಿಂತಿದ್ದಷ್ಟೇ ಅಂತರದಲ್ಲಿ, ಮಂಕಾದ ಚುಕ್ಕೆಗಳ ಸಾಲು ಕಂಡಿತು. ಒಂದೊಂದೂ ನನ್ನ ಸುತ್ತಿಗೆಯ ಗುರುತು.

ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಪಕ್ಕದ ಸೀಲಿನಲ್ಲೇ ಅಯಸ್ಕಾಂತದ ಉಂಗುರ ಅಡಗಿರುತ್ತದೆ, ಸಾಮಾನ್ಯವಾಗಿ ಅದು ಕಂದು ಅಥವಾ ಕಪ್ಪು ಬಣ್ಣದ್ದು. ಆ ಪಕ್ಕ ಸೆನ್ಸರಿನ ಕಡೆಗೇ ಇರಬೇಕು. ತಿರುವುಮುರುವಾದರೆ ಚಕ್ರದ ವೇಗ ಸೆನ್ಸರಿಗೆ ತಿಳಿಯದೆ ಎಚ್ಚರಿಕೆಯ ದೀಪ ಹೊತ್ತುತ್ತದೆ, ಮತ್ತೆ ಬಿಚ್ಚಲು ಹೋದರೆ ಹೊಸ ಬೇರಿಂಗೂ ಕೈಬಿಟ್ಟಂತೆಯೇ. ಆದ್ದರಿಂದ ಒತ್ತುವ ಮೊದಲು ಎರಡು ಸಲ ನೋಡು. ಹೊಸದಕ್ಕೆ ಗ್ರೀಸ್ ತುಂಬಲು ಹೋಗಬೇಡ. ಸೀಲ್ ಆದ ಬೇರಿಂಗಿನಲ್ಲಿ ಬೇಕಾದಷ್ಟು ತುಂಬಿಯೇ ಬಂದಿರುತ್ತದೆ. ಬೇರಿಂಗ್ ಜಾರದಂತೆ ಹಿಡಿಯುವ ಉಂಗುರವಾದ ಸರ್ಕ್ಲಿಪ್ ತನ್ನ ತೋಡಿನೊಳಗೆ ಸುತ್ತಲೂ ಕೂತಿತೇ ಎಂದು ಬೆರಳಾಡಿಸಿ ನೋಡಿಕೊ.

ಆಕ್ಸಲ್ ನಟ್ ಹೊಸದನ್ನೇ ಹಾಕು. ಬೇರಿಂಗಿನ ಒಳಬಳೆಯ ಎರಡು ಅರ್ಧಗಳನ್ನು ಸರಿಯಾದ ಬಿಗಿಯಲ್ಲಿ ಹಿಡಿದಿಡುವುದು ಆ ನಟ್ಟೇ ಆದ್ದರಿಂದ ಅದನ್ನು ಬಿಗಿಯದೆ ಕಾರಿನ ಭಾರವನ್ನು ಹೊಸ ಬೇರಿಂಗಿನ ಮೇಲೆ ಇಳಿಸಬಾರದು. ಒಬ್ಬರು ಬ್ರೇಕ್ ಒತ್ತಿರಲಿ, ನೀನು ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿ. ಅನೇಕ ಕಾರುಗಳಲ್ಲಿ ಇದು 200ರಿಂದ 300 ನ್ಯೂಟನ್ ಮೀಟರಿನಷ್ಟು ಇರುತ್ತದೆ, ಆದರೆ ನಿನ್ನ ಕಾರಿನ ಅಂಕಿಯನ್ನು ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊ, ಅಂದಾಜಿಗೆ ಬಿಡಬೇಡ. ನಟ್ ಅಂಚು ಮಡಚುವ ಬಗೆಯದಾದರೆ, ಬಿಗಿದ ಮೇಲೆ ಅದರ ಅಂಚನ್ನು ಆಕ್ಸಲ್ಲಿನ ತೋಡಿಗೆ ಬಡಿದು ಮಡಚುವುದನ್ನು ಮರೆಯಬೇಡ.

ಹೊರಗೆ ತೆಗೆದ ಹಳೆಯ ಬೇರಿಂಗನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿಡು. ನಾನು ಬಂದಾಗ ಅದರ ಜಾಡನ್ನು ಇಬ್ಬರೂ ಬೆಳಕಿಗೆ ಹಿಡಿದು ನೋಡೋಣ.

ಇಂತು ನಿನ್ನ ಹಿತ ಬಯಸುವ,
ದೊಡ್ಡಪ್ಪ