ಕಂತು ಏರಿಲ್ಲ ಎಂದು ನೆಮ್ಮದಿಯಾಗಿರಬೇಡ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಸಂಬಳಕ್ಕೆ ಕತ್ತರಿ ಬಿದ್ದರೂ ಮನೆ ಸಾಲದ ಕಂತು ಮಾತ್ರ ಏರಿಲ್ಲ, ಅದೊಂದೇ ಸಮಾಧಾನ ಎಂದು ಬರೆದಿದ್ದೀಯ. ನನಗೆ ದಿಗಿಲು ಹುಟ್ಟಿಸಿದ್ದು ಆ ಸಮಾಧಾನವೇ. ನಿನ್ನದು ಬದಲಾಗುವ ಬಡ್ಡಿಯ ಸಾಲ. ಬೆಲೆ ಏರಿಕೆ ತಡೆಯಲೆಂದು ಬಡ್ಡಿ ದರ ಏರಿಸಿದ ಮೇಲೂ ಬ್ಯಾಂಕು ಕಂತನ್ನು ಮುಟ್ಟಿಲ್ಲವೆಂದರೆ, ಸಾಲದ ಅವಧಿಯನ್ನು ಹಿಗ್ಗಿಸಿದೆ ಎಂದೇ ಅರ್ಥ.

ಲೆಕ್ಕ ಹಾಕಿ ನೋಡಿದೆ. ಶೇ 8ರ ಬಡ್ಡಿಗೆ 20 ವರ್ಷದ ಸಾಲ ಎಂದುಕೋ. ಮೊದಲ ಕಂತಿನ ಸುಮಾರು ಶೇ 80 ಭಾಗ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಉಳಿದ ಚೂರು. ಆರಂಭದಲ್ಲೇ ಬಡ್ಡಿ ಶೇ 9 ಆಗಿ ಕಂತು ಹಾಗೆಯೇ ಉಳಿದರೆ ಸಾಲ ತೀರಲು 25 ವರ್ಷ ದಾಟುತ್ತದೆ. ಶೇ 10 ಆದರೆ? 56 ವರ್ಷ! ಇನ್ನೊಂದಿಷ್ಟು ಏರಿದರೆ ಕಟ್ಟಿದ ಕಂತು ಬಡ್ಡಿಗೇ ಸಾಲದೆ, ಸಾಲ ಬೆಳೆಯತೊಡಗುತ್ತದೆ. (ಅಲ್ಲಿಯವರೆಗೆ ಬ್ಯಾಂಕು ಸುಮ್ಮನಿರುವುದಿಲ್ಲ, ಕಂತನ್ನೇ ಏರಿಸುತ್ತದೆ ಎನ್ನು.)

ತೆರಿಗೆಯೂ ಹೀಗೆಯೇ ಸದ್ದಿಲ್ಲದೆ ಏರುತ್ತದೆ. ಬೆಲೆಗಳ ಜೊತೆ ಸಂಬಳ ಏರಿ, ಆದಾಯ ತೆರಿಗೆಯ ಹಂತಗಳು ಮಾತ್ರ ಇದ್ದಲ್ಲೇ ಇದ್ದರೆ, ದರ ಏರಿಸದೆಯೂ ಸರ್ಕಾರ ಹೆಚ್ಚು ಕಿತ್ತುಕೊಳ್ಳಬಹುದು. ಬೊಕ್ಕಸ ಬರಿದಾದಾಗಲಂತೂ ಕೊಳ್ಳುವ ಸರಕಿನ ಮೇಲೆಯೇ ಕಣ್ಣು. ಸ್ಪೇನ್ ತನ್ನ ಮೌಲ್ಯವರ್ಧಿತ ತೆರಿಗೆಯನ್ನು 2010ರಲ್ಲಿ ಶೇ 16ರಿಂದ 18ಕ್ಕೆ, 2012ರಲ್ಲಿ ಶೇ 21ಕ್ಕೆ ಏರಿಸಿತು; ಅದೂ ಜನ ಕೆಲಸ ಕಳೆದುಕೊಂಡು ಕುಳಿತಿದ್ದಾಗ. ಅಲ್ಲಿ ಕಂತು ಕಟ್ಟಲಾಗದವರ ಮನೆ ಹರಾಜಾಗಿ, ಬಂದ ಹಣದಿಂದ ಸಾಲ ತೀರದಿದ್ದರೆ ಬಾಕಿಗೂ ಅವರೇ ಹೊಣೆ. ಎಷ್ಟೋ ಕುಟುಂಬಗಳಿಗೆ ಮನೆಯೂ ಹೋಯಿತು, ಸಾಲವೂ ಉಳಿಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ನಿನ್ನ ಭಾವ ಉಪದೇಶ ಮಾಡಿದರಂತೆ. ಹಾಸಿಗೆಯನ್ನು ಕತ್ತರಿಸಿದ್ದು ನೀನು ಮಲಗಿದ ಮೇಲೆ ಎಂದು ಅವರಿಗೆ ಹೇಳು.

ಈಗ ಮಾಡಬೇಕಾದದ್ದು ಇಷ್ಟು. ಬಾಕಿ ಅಸಲು ಎಷ್ಟು, ಉಳಿದ ಕಂತುಗಳೆಷ್ಟು, ಈಗಿನ ಬಡ್ಡಿ ಎಷ್ಟು ಎಂದು ಬ್ಯಾಂಕಿನಿಂದ ಬರಹದಲ್ಲಿ ಪಡೆದುಕೋ. ಮುಂದಿನ ತಿಂಗಳು ಕಷ್ಟ ಎನಿಸಿದರೆ ಕಂತು ತಪ್ಪುವ ಮೊದಲೇ ಹೋಗಿ ಮಾತನಾಡು. ತಪ್ಪಿದ ಮೇಲೆ ಹೋದರೆ ನೀನು ಸುಸ್ತಿದಾರ, ಮಾತಿನ ಧಾಟಿಯೇ ಬೇರೆ. ಕ್ರೆಡಿಟ್ ಕಾರ್ಡಿನಿಂದ ಹಣ ತೆಗೆದು ಕಂತು ಕಟ್ಟುವ ಯೋಚನೆಯನ್ನು ಮಾತ್ರ ದಯವಿಟ್ಟು ಬಿಡು, ಅದರ ಬಡ್ಡಿಯ ಮುಂದೆ ಮನೆ ಸಾಲದ್ದು ಏನೂ ಅಲ್ಲ.

ಬ್ಯಾಂಕಿನ ಲೆಕ್ಕ ಕೈಸೇರಿದೊಡನೆ ನನಗೊಂದು ಪ್ರತಿ ಕಳುಹಿಸು.

ಇಂತಿ ನಿನ್ನ ಗೆಳೆಯ