ನೀರಿನ ಸಂಕೇತ ಅಷ್ಟು ಬೇಗ ಅಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಪಲ್ಸ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿಗೆ ರೇಡಿಯೊ ಅಲೆಯ ಪಲ್ಸ್ ಕೊಟ್ಟು, ಅದರ ಪರಮಾಣು ಬೀಜಗಳು ಮರಳಿ ಕೊಡುವ ಸಂಕೇತ ಅಳೆಯುವ ವಿಧಾನ) ಕುರಿತ ಲೇಖನ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಪಲ್ಸ್ ಕೊಟ್ಟ ಮೇಲೆ ಸಂಕೇತ ಇಳಿಯಲು ಹಿಡಿಯುವ ಕಾಲವೇ ವಸ್ತುವಿನ ಟಿ-2 (ವಸ್ತುವಿನ ಸ್ವಂತ ಗುಣದಿಂದಾಗುವ ಇಳಿತದ ಕಾಲ) ಎಂದು ಅದರಲ್ಲಿ ಹೇಳಿರುವುದು ತಪ್ಪು. ದ್ರವಗಳಲ್ಲಿ ಹಾಗೆ ಅಳೆದರೆ ಸಿಗುವುದು ಬಹುಪಾಲು ಮ್ಯಾಗ್ನೆಟ್ಟಿನ ಜಾತಕ, ಮಾದರಿಯದ್ದಲ್ಲ.

ಲೆಕ್ಕ ಹಾಕಿ ನೋಡಿ. ಪ್ರೋಟಾನ್ (ಹೈಡ್ರೊಜನ್ ಬೀಜ) ಕಾಂತಕ್ಷೇತ್ರದಲ್ಲಿ ತಿರುಗುವ ಆವರ್ತನ 1 ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್. ಮೇಜಿನ ಮೇಲಿಡುವ 0.47 ಟೆಸ್ಲಾ ಉಪಕರಣದಲ್ಲಿ ಅದು 20 ಮೆಗಾಹರ್ಟ್ಸ್. ಮಾದರಿಯ ಉದ್ದಕ್ಕೂ ಕ್ಷೇತ್ರ ಹತ್ತು ಲಕ್ಷದಲ್ಲಿ 10 ಪಾಲು ಏರುಪೇರಾದರೂ ಸಾಕು, ಆವರ್ತನ 200 ಹರ್ಟ್ಸ್‌ನಷ್ಟು ಚದುರುತ್ತದೆ. ಸ್ಪಿನ್‌ಗಳ, ಅಂದರೆ ಪುಟ್ಟ ಕಾಂತಗಳಂತಿರುವ ಪ್ರೋಟಾನುಗಳ, ಹೆಜ್ಜೆ ತಪ್ಪಿ ಕೆಲವೇ ಮಿಲಿಸೆಕೆಂಡಿನಲ್ಲಿ ಸಂಕೇತ ಮಾಯ. ಶುದ್ಧ ನೀರಿನ ನಿಜವಾದ ಟಿ-2 ಇರುವುದು ಸೆಕೆಂಡುಗಳಲ್ಲಿ!

ಇದಕ್ಕೆ ದಾರಿ ಎರ್ವಿನ್ ಹಾನ್ 1950ರಲ್ಲಿ ತೋರಿಸಿದ ಸ್ಪಿನ್ ಎಕೋ. ಈಗಿನ ರೂಢಿಯಲ್ಲಿ ಮೊದಲು ಸ್ಪಿನ್‌ಗಳನ್ನು 90 ಡಿಗ್ರಿ ತಿರುಗಿಸುವ ಪಲ್ಸ್, ಸ್ವಲ್ಪ ಬಿಡುವು, ಆಮೇಲೆ 180 ಡಿಗ್ರಿ ಪಲ್ಸ್. ಅಷ್ಟೇ ಬಿಡುವಿನ ನಂತರ ಹೆಜ್ಜೆ ತಪ್ಪಿದ ಸ್ಪಿನ್‌ಗಳು ಒಂದುಗೂಡಿ ಸಂಕೇತ (ಎಕೋ) ಮತ್ತೆ ಮೇಲೇಳುತ್ತದೆ. ಬಿಡುವು ಉದ್ದವಾದರೆ ಅಣುಗಳು ಅಷ್ಟರಲ್ಲಿ ಜಾಗ ಬದಲಿಸಿ ಎಕೋ ಸುಳ್ಳುಸುಳ್ಳೇ ಕುಗ್ಗುತ್ತದೆ. ಹಾಗಾಗಿ ಚಿಕ್ಕ ಬಿಡುವಿನಲ್ಲಿ 180 ಡಿಗ್ರಿಯ ಪಲ್ಸ್‌ಗಳನ್ನು ಸಾಲಾಗಿ ಕೊಟ್ಟು, ಎಕೋಗಳು ಇಳಿಯುವುದರಿಂದ ಟಿ-2 ಅಳೆಯಬೇಕು. ಪಲ್ಸ್‌ನ ಅಳತೆ ತುಸು ತಪ್ಪಿದರೂ ಸಾಲಿನುದ್ದಕ್ಕೂ ತಪ್ಪು ಪೇರಿಸುತ್ತ ಹೋಗುತ್ತದೆ. ಮೈಬೂಮ್ ಮತ್ತು ಗಿಲ್ 1958ರಲ್ಲಿ 180ರ ಪಲ್ಸ್‌ಗಳ ಫೇಸನ್ನು (ಅಲೆಯ ಏರಿಳಿತದ ಹಂತ) 90 ಡಿಗ್ರಿ ಸರಿಸಿ ಇದನ್ನು ಹತೋಟಿಗೆ ತಂದರು.

ಪಲ್ಸ್‌ನ ಅವಧಿ ಹೊಂದಿಸುವಾಗ ಗರಿಷ್ಠ ಸಂಕೇತ ಹುಡುಕುತ್ತ ಕೂರಬೇಡಿ. ಶಿಖರ ಯಾವಾಗಲೂ ಚಪ್ಪಟೆ, ಕಣ್ಣಿಗೆ ಮೋಸವಾಗುತ್ತದೆ. ಸಂಕೇತ ಸೊನ್ನೆಗೆ ಬೀಳುವ ಅವಧಿ ಹಿಡಿಯಿರಿ, ಅದು 180, ಅದರರ್ಧ 90. ಪ್ರತಿ ಸಲವೂ ಟಿ-1ರ (ಕಾಂತತ್ವ ಮೊದಲಿನ ಸ್ಥಿತಿಗೆ ಮರಳುವ ಕಾಲ) ಐದು ಪಟ್ಟು ಕಾಯಬೇಕು, ಆಗ ಶೇ 99.3ರಷ್ಟು ಕಾಂತತ್ವ ಮರಳಿರುತ್ತದೆ. ನೀರಿಗೆ ಇದು ಹತ್ತು ಸೆಕೆಂಡಿಗೂ ಮೀರಿದ ತಾಳ್ಮೆಯ ಕೆಲಸ. ನಳಿಕೆ ತುಂಬ ಮಾದರಿ ತುಂಬಿದರೂ ಸೊನ್ನೆ ಸರಿಯಾಗಿ ಸಿಗದು. ಪಲ್ಸ್ ಕೊಡುವ ತಂತಿಸುರುಳಿಯ (ಕಾಯಿಲ್) ತುದಿಗಳಲ್ಲಿ ಪಲ್ಸ್ ದುರ್ಬಲ. ಅಲ್ಲಿನ ಸ್ಪಿನ್‌ಗಳು ಅರೆಬರೆ ತಿರುಗುತ್ತವೆ.

ಗಟ್ಟಿ ಪ್ಲಾಸ್ಟಿಕ್ಕಿನ ಕಥೆಯೇ ಬೇರೆ. ಅಲ್ಲಿ ಸಂಕೇತ ಹತ್ತಾರು ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆ, ಪಲ್ಸ್‌ನ ಹೊಡೆತದಿಂದ ರಿಸೀವರ್ ಚೇತರಿಸಿಕೊಳ್ಳುವುದಕ್ಕೇ ಸುಮಾರು 10 ಮೈಕ್ರೊಸೆಕೆಂಡು ಬೇಕು. 180 ಡಿಗ್ರಿ ಪಲ್ಸ್ ಪಕ್ಕದ ಪ್ರೋಟಾನನ್ನೂ ಜತೆಗೇ ತಿರುಗಿಸುವುದರಿಂದ ಅವುಗಳ ನಡುವಿನ ಎಳೆದಾಟ ಹಾಗೇ ಉಳಿಯುತ್ತದೆ, ಮಾಮೂಲಿ ಎಕೋ ಉಪಯೋಗಕ್ಕೆ ಬಾರದು. ಫೇಸ್ 90 ಡಿಗ್ರಿ ಸರಿಸಿದ ಎರಡು 90ರ ಪಲ್ಸ್‌ಗಳ ‘ಸಾಲಿಡ್ ಎಕೋ’ ಬೇಕು.

ಲೇಖನದ ಚಿತ್ರದಲ್ಲಿರುವುದು ನೀರಿನ ಸಂಕೇತ. ಆ ಇಳಿತದ ಪಕ್ಕ ಟಿ-2 ಬದಲು ‘ಟಿ-2 ಸ್ಟಾರ್’ (ಮ್ಯಾಗ್ನೆಟ್ಟಿನ ಏರುಪೇರೂ ಸೇರಿದ ಇಳಿತದ ಕಾಲ) ಎಂದು ತಿದ್ದುಪಡಿ ಹಾಕಿದರೆ ಸಾಕು.

ಇಂತಿ,
ಒಬ್ಬ ಓದುಗ